ಕುಂಪಣಿಯಿಂದ ಕಂಪೆನಿಯವರೆಗೆ

ಕನ್ನಡದಲ್ಲಿ ಎರಡು ಶತಮಾನಗಳಿಗೂ ಮಿಕ್ಕ ಕಾಲದಿಂದ ನೆಲೆಸಿರುವ ಆಂಗ್ಲ ಶಬ್ದಗಳಲ್ಲಿ ‘ಕಂಪೆನಿ’ ಎಂಬುದು ಒಂದು. ಓದುಬರಹವಿಲ್ಲದವರಿಗೂ ಅದು ಗೊತ್ತು. ಅದನ್ನು ಪರಭಾಷೆಯ ಮಾತೆಂದು ಯಾರೂ ಎಣಿಸುವುದಿಲ್ಲ. ಇಷ್ಟೊಂದು ಪರಿಚಿತವಾದುದರಿಂದಲೇ ಅದರ ಅರ್ಥವನ್ನು ವಿಚಾರಿಸುವ ಗೋಜಿಗೆ ಹೋಗುವವರು ವಿರಳ. ‘ಅವನು ಹದಿನೆಂಟನೆಯ ವಯಸ್ಸಿನಲ್ಲಿ ಕಂಪೆನಿಯನ್ನು ಸೇರಿದನು’ ಎಂಬ ಸರಳವಾದ ವಾಕ್ಯವೊಂದನ್ನು ತೆಗೆದುಕೊಂಡರೆ ಸಂಗತಿಯು ಸ್ಪಷ್ಟವಾಗುತ್ತದೆ. ೧೮೧೦ರ ಸುಮಾರಿಗೆ ಮಂಗಳೂರಿನವನೊಬ್ಬನ ಕುರಿತು ಈ ಮಾತನ್ನು ಹೇಳಿದ್ದರೆ ಅವನು ಆಳುವವರ ಚಾಕರಿಯನ್ನು ಹಿಡಿದನೆಂದು ಅರ್ಥ. ೧೯೨೦ರಲ್ಲಿ ಹುಬ್ಬಳ್ಳಿಯವನ ಕುರಿತಾಗಿದ್ದರೆ ಅವನು ಬಣ್ಣ ಹಚ್ಚಿದನೆಂದು ಅರ್ಥ. ಎರಡನೆಯ ಮಹಾಯುದ್ಧದ ಕಾಲದ ಕೊಡಗಿನವನಾಗಿದ್ದರೆ ಅವನು ಸೈನ್ಯದ ಒಂದು ತುಕಡಿಗೆ ಸೇರಿದನು. ೧೯೭೦ರಲ್ಲಿ ಊರು ಬಿಟ್ಟು ಮುಂಬಯಿಯ ಕಾಂದಿವಲಿಗೆ ಬಂದವನಾಗಿದ್ದರೆ ಕಾರ್ಖಾನೆಯ ಯಂತ್ರದ ಮುಂದೆ ನಿಂತನು. ವಾಕ್ಯ ಒಂದೇ, ಬಾಳು ನಾಲ್ಕು.

ಮುಂಬಯಿ ಕನ್ನಡಿಗರ ಹಿಂದಿನ ತಲೆಮಾರುಗಳ ವೃತ್ತಾಂತವನ್ನು ಹಿರಿಯರ ಬಾಯಿಮಾತಿನಿಂದಲೂ ಮನೆಗಳಲ್ಲಿ ಉಳಿದಿರುವ ಕಾಗದಪತ್ರಗಳಿಂದಲೂ ಸಂಗ್ರಹಿಸುವ ಕೆಲಸ ನಡೆಯುತ್ತಿರುವ ಈ ದಿನಗಳಲ್ಲಿ ಇದು ಕೇವಲ ಶಬ್ದಕುತೂಹಲದ ವಿಷಯವಲ್ಲ. ‘ಕಂಪೆನಿಯಲ್ಲಿದ್ದರು’ ಎಂದು ಹೇಳಿದುದನ್ನು ಸಂಗ್ರಾಹಕನು ತನಗೆ ತಿಳಿದ ಒಂದೇ ಅರ್ಥದಲ್ಲಿ ಬರೆದುಕೊಂಡರೆ ನಟನು ಕೂಲಿಕಾರನಾಗಿಬಿಡುತ್ತಾನೆ, ಕೂಲಿಕಾರನು ಗುಮಾಸ್ತನಾಗಿಬಿಡುತ್ತಾನೆ. ಹೇಳಿದವರು ತೀರಿಹೋದ ಮೇಲೆ ಅದನ್ನು ತಿದ್ದುವವರಿಲ್ಲ.

ಶಬ್ದದ ಮೂಲವು ಎಲ್ಲರಿಗೂ ಮೆಚ್ಚಿಕೆಯಾಗುವಂಥದು. ಲ್ಯಾಟಿನ್ ಭಾಷೆಯಲ್ಲಿ ‘ಕುಂ’ ಎಂದರೆ ಒಡನೆ, ‘ಪಾನಿಸ್’ ಎಂದರೆ ರೊಟ್ಟಿ. ಒಂದೇ ರೊಟ್ಟಿಯನ್ನು ಹಂಚಿಕೊಂಡು ತಿನ್ನುವವನು ‘ಕೊಂಪಾನಿಯೊ’. ಇದು ಪ್ರಾಚೀನ ಜರ್ಮಾನಿಕ್ ಜನರ ಮಾತಿನ ಅಚ್ಚಿನಲ್ಲಿ ಎರಕಗೊಂಡ ಶಬ್ದವೆಂದು ವಿದ್ವಾಂಸರು ಭಾವಿಸುತ್ತಾರೆ; ಗಾಥಿಕ್ ಭಾಷೆಯ ‘ಗಹ್ಲೈಬ’ ಎಂಬುದಕ್ಕೂ ಒಡನೆ ರೊಟ್ಟಿಯುಳ್ಳವನೆಂದೇ ಅರ್ಥ. ಫ್ರೆಂಚ್ ಭಾಷೆಯ ಮೂಲಕ ಅದು ಇಂಗ್ಲಿಷಿಗೆ ಬಂದು, ಜೊತೆ, ಜೊತೆಗಾರರು, ನೆಂಟರಿಷ್ಟರ ಕೂಟ, ಸೈನಿಕರ ದಳ, ವರ್ತಕರ ಬಳಗ ಎಂದು ಕವಲೊಡೆಯಿತು. ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ಅದೇ ‘ಪಾನಿಸ್’ ಪೋರ್ಚುಗೀಸರ ಬಾಯಲ್ಲಿ ಸವೆದು, ಅವರೊಡನೆ ಪಶ್ಚಿಮ ಕರಾವಳಿಗೆ ಬಂದು ‘ಪಾವ್’ ಆಯಿತು. ಮುಂಬಯಿಯ ಬೀದಿಯಲ್ಲಿ ವಡೆಯೊಡನೆ ಸಿಕ್ಕುವ ಪಾವೂ, ಅದನ್ನು ತಿಂದು ಕೆಲಸಕ್ಕೆ ಹೋಗುವವನ ಕಂಪೆನಿಯೂ ಒಂದೇ ಬುಡದ ಚಿಗುರುಗಳು.

ಆದರೆ ಕನ್ನಡಿಗರಿಗೆ ಈ ಶಬ್ದವು ಮೊದಲು ಪರಿಚಯವಾದುದು ರೊಟ್ಟಿಯನ್ನು ಹಂಚಿಕೊಳ್ಳುವವರ ಹೆಸರಾಗಿ ಅಲ್ಲ. ೧೬೦೦ನೆಯ ಇಸವಿಯ ಡಿಸೆಂಬರ್ ೩೧ರಂದು ಎಲಿಜಬೆತ್ ರಾಣಿಯಿಂದ ಸನದು ಪಡೆದ ಲಂಡನ್ನಿನ ವರ್ತಕರ ಕೂಟವು ಆರಂಭದಲ್ಲಿ ಒಂದೊಂದು ಯಾತ್ರೆಗೆ ಒಂದೊಂದು ಬಾರಿ ಬಂಡವಾಳ ಕೂಡಿಸಿ, ಹಡಗು ಮರಳಿದ ಮೇಲೆ ಲೆಕ್ಕ ತೀರಿಸಿಕೊಳ್ಳುತ್ತಿದ್ದಿತು. ೧೬೫೭ರ ಬಳಿಕವೇ ಅದಕ್ಕೆ ಸ್ಥಿರವಾದ ಕೂಡುಬಂಡವಾಳವು ದೊರೆಯಿತು. ಹನ್ನೊಂದು ವರ್ಷಗಳ ತರುವಾಯ, ೧೬೬೮ರಲ್ಲಿ, ಎರಡನೆಯ ಚಾರ್ಲ್ಸ್ ದೊರೆಯು ತನಗೆ ಮದುವೆಯ ಬಳುವಳಿಯಾಗಿ ಬಂದಿದ್ದ ಮುಂಬಯಿ ದ್ವೀಪವನ್ನು ವರ್ಷಕ್ಕೆ ಹತ್ತು ಪೌಂಡುಗಳ ಕಾಣಿಕೆಗೆ ಅದರ ಕೈಗೆ ಕೊಟ್ಟನು. ಇಂದಿನ ಮುಂಬಯಿಯೆಲ್ಲವೂ ಆಗಲೇ ಕಂಪೆನಿಗೆ ಸೇರಿತೆಂದು ತಿಳಿಯಬಾರದು. ಕಾಂದಿವಲಿಯನ್ನು ಒಳಗೊಂಡ ಸಾಷ್ಟಿಯು ೧೭೩೯ರವರೆಗೆ ಪೋರ್ಚುಗೀಸರಲ್ಲಿಯೂ ಆಮೇಲೆ ಮರಾಠರಲ್ಲಿಯೂ ಇದ್ದು, ೧೭೭೪ರ ಡಿಸೆಂಬರಿನಲ್ಲಿ ಕಂಪೆನಿಯ ಸೈನ್ಯಕ್ಕೆ ವಶವಾಗಿ, ೧೭೮೨ರ ಸಾಲಬಾಯಿ ಒಪ್ಪಂದದಲ್ಲಿ ಅದಕ್ಕೆ ಖಾಯಮಾಯಿತು. ದ್ವೀಪದ ಕೋಟೆಯಲ್ಲಿದ್ದವನು ಕಂಪೆನಿಯನ್ನು ಒಡೆಯನೆಂದು ಕರೆಯಲು ತೊಡಗಿ ಒಂದು ಶತಮಾನ ಕಳೆದ ಮೇಲೆ ಕಾಂದಿವಲಿಯ ಒಕ್ಕಲಿಗನಿಗೆ ಆ ಸರದಿ ಬಂದಿತು.

ಕನ್ನಡ ನಾಡಿಗೆ ಈ ಒಡೆತನವು ಬಂದುದು ತುಂಡುತುಂಡಾಗಿ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಕೆನರಾ ಪ್ರಾಂತವು ಕಂಪೆನಿಗೆ ಹೋಯಿತು. ಥಾಮಸ್ ಮನ್ರೋ ಅಲ್ಲಿಯ ಕಂದಾಯದ ಏರ್ಪಾಟಿಗೆ ಬಂದನು. ಮರುವರ್ಷ ನಿಜಾಮನು ಬಿಟ್ಟುಕೊಟ್ಟ ಸೀಮೆಗಳೊಡನೆ ಬಳ್ಳಾರಿ, ೧೮೧೮ರಲ್ಲಿ ಪೇಶವೆಯ ಪತನದೊಡನೆ ಧಾರವಾಡ ಬೆಳಗಾವಿಗಳು, ೧೮೩೪ರಲ್ಲಿ ಕೊಡಗು. ಮೈಸೂರಿನಲ್ಲಿ ಒಡೆಯರ ಸಂಸ್ಥಾನವೇ ಇದ್ದಿತಾದರೂ ೧೮೩೧ರಿಂದ ಆಡಳಿತವು ಕಂಪೆನಿಯ ಕಮೀಷನರರಿಗೆ ಹೋಯಿತು. ಆದುದರಿಂದ ‘ಕಂಪೆನಿಯ ಕಾಲ’ ಎಂಬ ಒಂದು ಕಾಲವು ಕನ್ನಡಿಗರೆಲ್ಲರಿಗೂ ಸಮಾನವಾಗಿ ಇರಲಿಲ್ಲ. ಮಂಗಳೂರಿನವನಿಗೆ ಅದು ಐವತ್ತೊಂಬತ್ತು ವರ್ಷ, ಮಡಿಕೇರಿಯವನಿಗೆ ಇಪ್ಪತ್ತನಾಲ್ಕು. ಒಂದು ಕುಟುಂಬದ ಹಿರಿಯನು ‘ಕಂಪೆನಿಯ ಕಾಲದಲ್ಲಿ’ ಘಟ್ಟ ಇಳಿದನೆಂಬ ಮಾತು ಬಂದರೆ ಯಾವ ಊರಿನಿಂದ ಹೊರಟನೆಂಬುದನ್ನು ತಿಳಿಯದೆ ಇಸವಿಯನ್ನು ಊಹಿಸಲಾಗದು.

ಜನರ ನಾಲಗೆಯಲ್ಲಿ ಅದು ‘ಕುಂಪಣಿ’ಯಾಯಿತು. ಕುಂಪಣಿ ಸರಕಾರ, ಕುಂಪಣಿಯವರು, ಕುಂಪಣಿ ದಂಡು ಎಂಬ ಮಾತುಗಳು ಹಳೆಯ ಬರಹಗಳನ್ನೂ ಲಾವಣಿಗಳನ್ನೂ ಕೇಳಿದವರಿಗೆ ಹೊಸತಲ್ಲ. ಮರಾಠಿಯಲ್ಲಿಯೂ ಇದೇ ರೂಪವು ಬಳಕೆಯಲ್ಲಿದ್ದಿತು. ಮರಾಠಿಯಲ್ಲಿ ‘ಕುಂಪಣ’ ಎಂದರೆ ಬೇಲಿ; ಬೇಲಿಯೇ ಹೊಲವನ್ನು ಮೇಯಿತೆಂಬ ಗಾದೆಯು ಕನ್ನಡದಲ್ಲಿರುವಂತೆ ಅಲ್ಲಿಯೂ ಉಂಟು. ರಕ್ಷಣೆಗೆಂದು ಸೈನ್ಯವನ್ನು ಕೊಟ್ಟು ಸೀಮೆಯನ್ನೇ ಸ್ವಾಹಾ ಮಾಡಿದ ಸರಕಾರಕ್ಕೆ ಈ ಹೆಸರು ಒಪ್ಪಿತೆಂದು ಯಾರಿಗಾದರೂ ತೋರಬಹುದು. ಆದರೆ ಅದು ಶಬ್ದಸಾಮ್ಯವಲ್ಲದೆ ವ್ಯುತ್ಪತ್ತಿಯಲ್ಲ. ಸ್ವಾರಸ್ಯವಿರುವಲ್ಲೆಲ್ಲ ಸತ್ಯವಿರಬೇಕೆಂಬ ನಿಯಮವಿಲ್ಲ.

ಈ ಕುಂಪಣಿಗೆ ‘ಬಹದ್ದೂರ್’ ಎಂಬ ಬಿರುದೂ ಅಂಟಿಕೊಂಡಿತು. ವೀರಪುರುಷನೊಬ್ಬನಿಗೆ ಸಲ್ಲತಕ್ಕ ಬಿರುದು ಲಂಡನ್ನಿನ ಒಂದು ಕಟ್ಟಡದಲ್ಲಿ ಸೇರುತ್ತಿದ್ದ ಪಾಲುದಾರರ ಕೂಟಕ್ಕೆ ಸಂದುದನ್ನು ಕಂಡು ನಗುವವರುಂಟು. ಆದರೆ ನ್ಯಾಯಶಾಸ್ತ್ರವೂ ಇದನ್ನೇ ಹೇಳುತ್ತದೆ: ಕಂಪೆನಿಯು ತನ್ನ ಪಾಲುದಾರರಿಂದ ಬೇರೆಯಾದ, ಸ್ವತ್ತು ಹೊಂದಬಲ್ಲ, ದಾವೆ ಹೂಡಬಲ್ಲ, ಸಾವಿಲ್ಲದ ಒಂದು ‘ವ್ಯಕ್ತಿ’. ಓಲೆಕಾರನ ಮೂಲಕ ಅಪ್ಪಣೆಯನ್ನು ಕೇಳಿದ ಹಳ್ಳಿಗನು ಕುಂಪಣಿಯನ್ನು ಒಬ್ಬ ಬಹದ್ದೂರನೆಂದು ಎಣಿಸಿದುದರಲ್ಲಿ ಅಜ್ಞಾನಕ್ಕಿಂತ ವಿವೇಕವೇ ಹೆಚ್ಚಾಗಿದ್ದಿತೆನ್ನಬಹುದು.

ಆ ವ್ಯಕ್ತಿಯ ಮುಖವನ್ನು ಜನರು ಕಂಡುದು ಬಹುಮಟ್ಟಿಗೆ ಕಂದಾಯದಲ್ಲಿ ಮತ್ತು ನಾಣ್ಯದಲ್ಲಿ. ಕೊಡಗು ಕಂಪೆನಿಯ ಕೈಸೇರಿದಾಗ ಅದರೊಳಗಿದ್ದ ಅಮರಸುಳ್ಯದ ಮಾಗಣೆಗಳು ದಕ್ಷಿಣದ ಕೆನರಾಕ್ಕೆ ಸೇರಿದುವು. ಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ರೈತರು ನಗದಾಗಿ ಒಪ್ಪಿಸಬೇಕಾಯಿತು. ೧೮೩೭ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ಹೊರಟ ದಂಗೆಕಾರರು ಮಂಗಳೂರಿನವರೆಗೆ ಬಂದು ಬಾವುಟಗುಡ್ಡವನ್ನು ಹಿಡಿದುದಕ್ಕೆ ಇದೂ ಒಂದು ಕಾರಣ. ೧೮೩೫ರಿಂದ ಕಂಪೆನಿಯು ತನ್ನ ಆಳ್ವಿಕೆಯ ಭಾಗಗಳಿಗೆಲ್ಲ ಒಂದೇ ಬಗೆಯ ರೂಪಾಯಿಯನ್ನು ಟಂಕಿಸಿತು. ಒಂದು ಮಗ್ಗುಲಲ್ಲಿ ಇಂಗ್ಲೆಂಡಿನ ದೊರೆಯ ತಲೆ, ಇನ್ನೊಂದರಲ್ಲಿ ಕಂಪೆನಿಯ ಹೆಸರು. ವರಹ ಹಣಗಳ ಲೆಕ್ಕದಲ್ಲಿ ಬೆಳೆದ ಕರಾವಳಿಯಲ್ಲಿ ‘ಕಂಪೆನಿ ರೂಪಾಯಿ’ ಎಂಬ ಮಾತು ಹೀಗೆ ಹುಟ್ಟಿತು. ಹಳೆಯ ಅಡವುಪತ್ರಗಳನ್ನು ಓದುವವರು ಇಲ್ಲಿ ಎಚ್ಚರದಿಂದಿರಬೇಕು. ಅಲ್ಲಿ ಕಂಪೆನಿ ಎಂಬುದು ಸಾಲ ಕೊಟ್ಟವನ ಹೆಸರಲ್ಲ, ನಾಣ್ಯದ ಜಾತಿ.

೧೮೫೮ರಲ್ಲಿ ಕಂಪೆನಿಯ ಆಳ್ವಿಕೆಯು ಮುಗಿದು ರಾಣಿಯ ಆಳ್ವಿಕೆಯು ಬಂದಿತು. ೧೮೭೪ರ ಜೂನ್ ೧ರಂದು ಕಂಪೆನಿಯೇ ವಿಸರ್ಜನೆಗೊಂಡಿತು. ಆದರೆ ಒಡೆಯನು ಹೋದ ಮೇಲೂ ಹೆಸರು ಉಳಿಯಿತು. ಅದು ಬೇರೆ ಉದ್ಯೋಗವನ್ನು ಹುಡುಕಿಕೊಂಡಿತು.

ಆ ಉದ್ಯೋಗವನ್ನು ಒದಗಿಸಿದುದು ಕಾನೂನು. ಕೂಡುಬಂಡವಾಳದ ಕಂಪೆನಿಗಳನ್ನು ನೋಂದಾಯಿಸುವ ಮೊದಲ ಕಾಯಿದೆಯು ಇಂಡಿಯಾದಲ್ಲಿ ೧೮೫೦ರಲ್ಲಿ ಆಯಿತು. ಪಾಲುದಾರನ ಹೊಣೆಯು ಅವನ ಪಾಲಿನ ಹಣಕ್ಕಷ್ಟೇ ಸೀಮಿತವೆಂಬ ತತ್ತ್ವವು ೧೮೫೭ರಲ್ಲಿ ಬಂದಿತು. ದಂಗೆಯ ಬೆಂಕಿಯಲ್ಲಿ ಒಂದು ಕಂಪೆನಿ ಉರಿಯುತ್ತಿದ್ದ ವರ್ಷದಲ್ಲಿಯೇ ಇನ್ನು ಮುಂದಿನ ಸಾವಿರಾರು ಕಂಪೆನಿಗಳಿಗೆ ತೊಟ್ಟಿಲು ಸಿದ್ಧವಾಯಿತೆಂಬುದು ಗಮನಾರ್ಹ. ಬ್ಯಾಂಕುಗಳಿಗೆ ಮಾತ್ರ ಈ ಸೌಲಭ್ಯವನ್ನು ಆಗ ಕೊಡಲಿಲ್ಲ; ಅದು ೧೮೬೦ರಲ್ಲಿ ದೊರೆಯಿತು.

ಸೀಮಿತ ಹೊಣೆಯ ಕಂಪೆನಿಗೂ ಹೆಸರಿನ ಬಾಲವಾಗಿ ಬರುವ ‘ಎಂಡ್ ಕಂಪೆನಿ’ಗೂ ಇರುವ ಅಂತರವನ್ನು ಮದರಾಸು ಪ್ರಾಂತದ ಜನರು ಬಹು ದುಬಾರಿ ಬೆಲೆ ತೆತ್ತು ಕಲಿತರು. ದಕ್ಷಿಣ ಕನ್ನಡವೂ ಆಗ ಆ ಪ್ರಾಂತದಲ್ಲಿಯೇ ಇದ್ದಿತು. ಮದರಾಸಿನ ಆರ್ಬತ್‌ನಾಟ್ ಎಂಡ್ ಕಂಪೆನಿಯು ಜನರಿಂದ ಠೇವಣಿಗಳನ್ನು ಪಡೆಯುತ್ತಿದ್ದ ಪ್ರತಿಷ್ಠಿತ ಸಂಸ್ಥೆ. ಅದರ ಹೆಸರಿನಲ್ಲಿ ಕಂಪೆನಿ ಇದ್ದಿತೇ ಹೊರತು, ಕಾನೂನಿನ ದೃಷ್ಟಿಯಲ್ಲಿ ಅದು ಕೆಲವೇ ಪಾಲುಗಾರರ ಖಾಸಗಿ ಪೇಢಿ. ೧೯೦೬ರ ಅಕ್ಟೋಬರಿನಲ್ಲಿ ಅದು ದಿವಾಳಿಯೆದ್ದಾಗ ಸಾವಿರಾರು ಮಂದಿ ಠೇವಣಿದಾರರು ಬೀದಿಗೆ ಬಿದ್ದರು. ಪಿಂಚಣಿಯ ಹಣವನ್ನು ನಂಬಿ ಇಟ್ಟ ಮುದುಕರಿಗೆ ಪಾಲುದಾರಿ ಪೇಢಿಗೂ ನೋಂದಾಯಿತ ಕಂಪೆನಿಗೂ ಇರುವ ಭೇದವು ಅಲ್ಲಿಯವರೆಗೆ ತಿಳಿದಿರಲಾರದು. ಆ ದಿವಾಳಿಯ ಹಿನ್ನೆಲೆಯಲ್ಲಿಯೇ ೧೯೦೭ರಲ್ಲಿ ಇಂಡಿಯನ್ ಬ್ಯಾಂಕು ಸ್ಥಾಪಿತವಾಯಿತು.

ದಕ್ಷಿಣ ಕನ್ನಡದಲ್ಲಿ ಅದೇ ವರ್ಷ, ಈ ಪತನಕ್ಕೆ ಕೆಲವು ತಿಂಗಳ ಮೊದಲು, ಎರಡು ಸಂಸ್ಥೆಗಳು ಹುಟ್ಟಿದ್ದುವು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮಾರ್ಚ್ ೧೨ರಂದು ಆರಂಭಿಸಿದುದಕ್ಕೆ ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್’ ಎಂದು ಹೆಸರು; ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಜುಲೈ ೧ರಂದು ಆರಂಭಿಸಿದುದಕ್ಕೆ ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಎಂದು. ೧೯೨೪ರಲ್ಲಿ ಕರ್ಣಾಟಕ ಬ್ಯಾಂಕು, ಮರುವರ್ಷ ಉಡುಪಿಯಲ್ಲಿ ‘ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್’, ೧೯೩೧ರಲ್ಲಿ ವಿಜಯಾ ಬ್ಯಾಂಕು. ಕಾರ್ಪೊರೇಶನ್, ಫಂಡ್, ಸಿಂಡಿಕೇಟ್! ಇವೆಲ್ಲವೂ ಕಾನೂನಿನಲ್ಲಿ ಕಂಪೆನಿಗಳಾಗಿದ್ದರೂ ಯಾವುದೂ ತನ್ನನ್ನು ಕಂಪೆನಿಯೆಂದು ಕರೆದುಕೊಳ್ಳಲಿಲ್ಲ. ಕಂಪೆನಿಯಲ್ಲದವರು ಫಲಕದ ಮೇಲೆ ಕಂಪೆನಿಯೆಂದು ಬರೆಸಿದರು, ಕಂಪೆನಿಯಾದವರು ಬೇರೆ ಹೆಸರನ್ನು ಆರಿಸಿದರು. ೧೯೬೯ರ ಜುಲೈ ೧೯ರಂದು ಕೆನರಾ ಮತ್ತು ಸಿಂಡಿಕೇಟ್, ೧೯೮೦ರ ಏಪ್ರಿಲ್ ೧೫ರಂದು ಕಾರ್ಪೊರೇಶನ್ ಮತ್ತು ವಿಜಯಾ ರಾಷ್ಟ್ರೀಕೃತವಾದಾಗ ಅವುಗಳ ವ್ಯವಹಾರವು ‘ಬ್ಯಾಂಕಿಂಗ್ ಕಂಪೆನಿ’ಗಳಿಂದ ಹೊಸ ಶಾಸನಬದ್ಧ ಸಂಸ್ಥೆಗಳಿಗೆ ಹೋಯಿತು, ಜನರಿಗೆ ಕಂಡ ಬಾಗಿಲೂ ಫಲಕವೂ ಮಾತ್ರ ಅವೇ. ವಿಜಯಾ ೨೦೧೯ರಲ್ಲಿಯೂ, ಕಾರ್ಪೊರೇಶನ್ ಮತ್ತು ಸಿಂಡಿಕೇಟ್ ೨೦೨೦ರಲ್ಲಿಯೂ ಅನ್ಯ ಬ್ಯಾಂಕುಗಳಲ್ಲಿ ಲೀನವಾದುವು. ಈ ಐದರ ಪೈಕಿ ಇಂದಿಗೂ ಕಂಪೆನಿಯಾಗಿಯೇ ಇರುವುದು ಕರ್ಣಾಟಕ ಬ್ಯಾಂಕು ಒಂದೇ.

ಇನ್ನು ನಾಟಕದ ಕಡೆಗೆ ತಿರುಗಬೇಕು. ಕನ್ನಡದಲ್ಲಿ ಕಂಪೆನಿ ಎಂಬುದಕ್ಕೆ ಪ್ರೀತಿಯ ಬಣ್ಣವು ಬಂದುದು ಅಲ್ಲಿಯೇ. ಮುಂಬಯಿಯಲ್ಲಿ ೧೮೬೮ರಲ್ಲಿ ಪಾರಸಿಗಳು ಹುಟ್ಟಿಸಿದ ವಿಕ್ಟೋರಿಯಾ ನಾಟಕ ಮಂಡಳಿಯು ಇಂಗ್ಲಿಷಿನಲ್ಲಿ ‘ಥಿಯೇಟ್ರಿಕಲ್ ಕಂಪೆನಿ’. ದೇಶೀ ಹೆಸರಿನಲ್ಲಿ ಮಂಡಳಿ. ೧೮೮೦ರ ಕಿರ್ಲೋಸ್ಕರ ನಾಟಕ ಮಂಡಳಿಯೂ ಮಂಡಳಿಯೇ. ಅದರ ಸ್ಥಾಪಕ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೆಂಬುದನ್ನು ಕನ್ನಡಿಗರು ಮರೆಯುವಂತಿಲ್ಲ. ಕನ್ನಡದ ವೃತ್ತಿರಂಗಭೂಮಿಯು ಈ ಮಾದರಿಯಲ್ಲಿಯೇ ಗಂಭೀರವಾದ ಸಂಸ್ಕೃತ ಹೆಸರುಗಳನ್ನು ಇಟ್ಟುಕೊಂಡಿತು. ೧೮೮೪ರಲ್ಲಿ ಗುಬ್ಬಿಯಲ್ಲಿ ಹುಟ್ಟಿದುದು ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ವರದಾಚಾರ್ಯರದು ರತ್ನಾವಳಿ ನಾಟಕ ಸಭಾ. ಗರೂಡ ಸದಾಶಿವರಾಯರದು ದತ್ತಾತ್ರೇಯ ನಾಟಕ ಮಂಡಳಿ. ವಾಮನರಾವ್ ಮಾಸ್ತರರದು ವಿಶ್ವಗುಣಾದರ್ಶ ನಾಟಕ ಮಂಡಳಿ. ಇವುಗಳಲ್ಲಿ ಒಂದರಲ್ಲಿಯೂ ಕಂಪೆನಿ ಎಂಬ ಮಾತಿಲ್ಲ. ಆದರೆ ಜನರ ಬಾಯಲ್ಲಿ ಅವು ಗುಬ್ಬಿ ಕಂಪೆನಿ, ವರದಾಚಾರ್ಯರ ಕಂಪೆನಿ, ಗರೂಡರ ಕಂಪೆನಿ, ವಾಮನರಾಯರ ಕಂಪೆನಿ. ಮೈಸೂರಿನ ಚಾಮರಾಜೇಂದ್ರ ಕರ್ಣಾಟಕ ನಾಟಕ ಸಭೆಯೂ ‘ಅರಮನೆ ಕಂಪೆನಿ’ಯಾಯಿತು. ಸಂಘ, ಸಭೆ, ಮಂಡಳಿ ಎಂಬ ಮೂರು ಒಳ್ಳೆಯ ಮಾತುಗಳನ್ನು ಪಕ್ಕಕ್ಕಿಟ್ಟು ಪ್ರೇಕ್ಷಕನು ಪರಕೀಯವಾದ ನಾಲ್ಕನೆಯದನ್ನು ಏಕೆ ಆರಿಸಿದನು? ಸಂಘ ಸಭೆಗಳು ಊರಲ್ಲಿ ನೆಲೆಯಾಗಿ ಕೂಡುವಂಥವು. ಕಂಪೆನಿಯಾದರೋ ಹೊರಗಿನಿಂದ ಬಂದು, ಠಾಣ್ಯ ಹಾಕಿ, ಜನರನ್ನು ಬೆರಗುಗೊಳಿಸಿ, ಹಣವನ್ನು ಕೂಡಿಸಿಕೊಂಡು ಮುಂದಿನ ಊರಿಗೆ ಹೋಗುವಂಥದು; ಕುಂಪಣಿಯ ದಂಡಿನ ನೆನಪು ಆ ಮಾತಿನಲ್ಲಿ ಎಲ್ಲೋ ಉಳಿದಿದ್ದಿರಬಹುದು. ಕರಾವಳಿಯ ಯಕ್ಷಗಾನವೂ ಊರೂರು ತಿರುಗುವುದೇ. ಆದರೆ ಅದಕ್ಕೆ ‘ಮೇಳ’ ಎಂಬ ತನ್ನದೇ ಹಳೆಯ ಹೆಸರಿದ್ದುದರಿಂದ ಅಲ್ಲಿಗೆ ಕಂಪೆನಿಯು ಕಾಲಿಡಲಿಲ್ಲ.

ಈ ಕಂಪೆನಿಗಳು ಕಾನೂನಿನ ಕಂಪೆನಿಗಳಲ್ಲ. ಬಹುಮಟ್ಟಿಗೆ ಅವು ಒಬ್ಬ ಮಾಲೀಕನ ಸ್ವತ್ತು. ನಷ್ಟವಾದರೆ ಅವನ ಹೊಣೆಗೆ ಮಿತಿಯಿಲ್ಲ. ಮಳೆ ಹಿಡಿದು ಆಟ ನಿಂತರೆ ಪರದೆಗಳೇ ಅಡವಿಗೆ ಹೋಗುತ್ತಿದ್ದುವು. ಆದರೆ ಶಬ್ದದ ಮೂಲಾರ್ಥವು ನಿಜವಾಗಿ ಕಂಡುಬಂದುದು ಇಲ್ಲಿಯೇ. ‘ಕಂಪೆನಿ ಮನೆ’ ಎಂದು ಕರೆಯುತ್ತಿದ್ದ ಬಿಡಾರದಲ್ಲಿ ರಾಜನ ಪಾತ್ರದವನೂ ಪರದೆ ಎಳೆಯುವವನೂ ಒಂದೇ ಅಡಿಗೆಯನ್ನು ಉಣ್ಣುತ್ತಿದ್ದರು. ಸಂಬಳವು ತಿಂಗಳುಗಟ್ಟಲೆ ನಿಂತಾಗಲೂ ಊಟವು ನಿಲ್ಲದಿದ್ದರೆ ಕಂಪೆನಿಯು ನಿಂತಿದೆಯೆಂದು ಅರ್ಥ. ಒಲೆ ಆರಿದರೆ ಮುಗಿಯಿತೆಂದು ಅರ್ಥ. ಮುಂದೆ ಹವ್ಯಾಸಿ ರಂಗಭೂಮಿಯವರು ‘ಕಂಪೆನಿ ನಾಟಕ’ ಎಂಬುದನ್ನು ಅಬ್ಬರದ ಮಾತಿಗೂ ಝಗಝಗಿಸುವ ಪರದೆಗೂ ಪರ್ಯಾಯವಾಗಿ, ತುಸು ಹಗುರಾಗಿ, ಬಳಸತೊಡಗಿದರು. ಆ ಒಲೆಯ ಲೆಕ್ಕವನ್ನು ಅವರು ಹಿಡಿಯಲಿಲ್ಲ.

ಮುಂಬಯಿಗೆ ಬಂದ ಕನ್ನಡಿಗನ ಮಾತಿನಲ್ಲಿ ಈ ಶಬ್ದಕ್ಕೆ ಮತ್ತೊಂದು ತಿರುವು ದೊರೆಯಿತು. ಈ ನಗರದಲ್ಲಿ ದುಡಿಮೆಯ ತಾಣಗಳಿಗೆ ಬೇರೆಬೇರೆ ಹೆಸರುಗಳಿವೆ. ನೂಲುಬಟ್ಟೆಯದು ಮಿಲ್ಲು ಅಥವಾ ಗಿರಣಿ. ಅನ್ನದ್ದು ಹೋಟೆಲು. ಬಜಾರಿನ ವ್ಯಾಪಾರಿಯದು ಪೇಢಿ. ಮೇಜುಕುರ್ಚಿಯದು ಆಫೀಸು. ಇವು ಯಾವುದೂ ಅಲ್ಲದ, ಲೋಹ, ಔಷಧ, ರಬ್ಬರು, ಯಂತ್ರಗಳ ಕಾರ್ಖಾನೆಯು ‘ಕಂಪೆನಿ’. ‘ಮಿಲ್ಲಿನಲ್ಲಿದ್ದವನು ಕಂಪೆನಿಗೆ ಹೋದ’ ಎಂದರೆ ಮುಂಬಯಿಯ ಹೊರಗಿನವರಿಗೆ ಏನೂ ಹೊಳೆಯದು; ಇಲ್ಲಿಯವರಿಗೆ ಅದು ಪರೇಲಿನಿಂದ ಉಪನಗರಕ್ಕೆ ಬಂದ ಒಂದು ಸಂಸಾರದ ಕಥೆ. ೧೯೮೨ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ಬಳಿಕ ಈ ವಾಕ್ಯಕ್ಕೆ ಹೆಚ್ಚಿನ ಭಾರವೂ ಬಂದಿತು.

ಕಾಂದಿವಲಿಯು ಈ ಅರ್ಥದ ತವರುಗಳಲ್ಲಿ ಒಂದು. ಪೂರ್ವಭಾಗದ ಆಕುರ್ಲಿ ರಸ್ತೆಯಲ್ಲಿ ಮಹೀಂದ್ರದವರ ಕಾರ್ಖಾನೆಯಿದೆ. ಟ್ರ್ಯಾಕ್ಟರುಗಳಿಗಾಗಿ ೧೯೬೩ರಲ್ಲಿ ಹುಟ್ಟಿ ೧೯೭೭ರಲ್ಲಿ ಮಹೀಂದ್ರದಲ್ಲಿ ಲೀನವಾದ ಇಂಟರ್‌ನ್ಯಾಶನಲ್ ಟ್ರ್ಯಾಕ್ಟರ್ ಕಂಪೆನಿಗೆ ಹೆಸರಿನಲ್ಲಿಯೇ ಆ ಮಾತಿದ್ದಿತು. ಅದೇ ಪೂರ್ವಭಾಗದಲ್ಲಿ ಸೇನೆಯ ದೊಡ್ಡ ಆಯುಧಸಾಮಗ್ರಿಯ ಉಗ್ರಾಣವೂ ಇದೆ. ಸೈನ್ಯದಲ್ಲಿ ಬೆಟಾಲಿಯನ್ನಿನ ವಿಭಾಗಕ್ಕೆ ಕಂಪೆನಿಯೆಂಬ ಹೆಸರಿರುವುದರಿಂದ ಒಂದೇ ರೈಲು ನಿಲ್ದಾಣದಲ್ಲಿ ಇಳಿದ ಇಬ್ಬರು ‘ನಮ್ಮ ಕಂಪೆನಿ’ ಎಂದಾಗ ಅವರ ಒಡೆಯರು ಬೇರೆ, ಶಿಸ್ತು ಬೇರೆ. ೧೯೮೦ರ ಬಳಿಕ ಪತ್ರಿಕೆಗಳು ಭೂಗತ ಗುಂಪುಗಳಿಗೂ ಈ ಹೆಸರನ್ನೇ ಕೊಟ್ಟುವು. ಸುಲಿಗೆಯ ವಸೂಲಿಯನ್ನು ವ್ಯವಸ್ಥಿತವಾಗಿ ನಡೆಸಿದವರಿಗೆ ಆ ಹೆಸರು ಬಂದುದನ್ನು ಕಂಡರೆ ೧೮೩೭ರ ಸುಳ್ಯದ ರೈತನು ಆಶ್ಚರ್ಯಪಡುತ್ತಿರಲಿಲ್ಲ.

ಕಂಪೆನಿಗೆ ಅಚ್ಚಗನ್ನಡದ ಅಥವಾ ಸಂಸ್ಕೃತದ ಬದಲು ಮಾತನ್ನು ತರಬೇಕೆಂಬ ವಾದವು ಆಗಾಗ ಕೇಳಿಬರುತ್ತದೆ. ನಾಡಿನಲ್ಲಿ ವರ್ತಕರ ಕೂಟಗಳಿಗೆ ಹೆಸರಿನ ಬಡತನವಿರಲಿಲ್ಲ. ಅಯ್ಯಾವೊಳೆಯ ಐನೂರ್ವರು ಕಡಲಾಚೆಯವರೆಗೆ ವ್ಯಾಪಾರ ನಡೆಸಿದರು. ನಕರ, ನಾನಾದೇಶಿ, ಶ್ರೇಣಿ ಎಂಬ ಶಬ್ದಗಳು ಶಾಸನಗಳಲ್ಲಿ ಹೇರಳವಾಗಿವೆ. ಇವುಗಳಲ್ಲಿ ಒಂದನ್ನು ಕಾಯಿದೆಯ ಪುಸ್ತಕದಲ್ಲಿ ಕೂರಿಸಬಹುದು. ಆದರೆ ಗುಬ್ಬಿ ಕಂಪೆನಿಯನ್ನು ಗುಬ್ಬಿ ಶ್ರೇಣಿಯೆಂದರೆ ಅದು ಬೇರೆಯೇ ಆಗುತ್ತದೆ. ‘ಊಟಕ್ಕೆ ಕಂಪೆನಿ ಕೊಡು’ ಎಂದು ಇಂದಿನ ತರುಣರು ಹೇಳುವಾಗ, ತಿಳಿಯದೆಯೇ, ಲ್ಯಾಟಿನ್ ಮೂಲಕ್ಕೆ ಅತ್ಯಂತ ಸಮೀಪವಾದ ಅರ್ಥದಲ್ಲಿ ಆ ಶಬ್ದವನ್ನು ಬಳಸುತ್ತಾರೆ. ಬೇಕಾದುದು ಬದಲಿ ಶಬ್ದವಲ್ಲ, ಪ್ರತಿಯೊಂದು ಅರ್ಥಕ್ಕೂ ಕಾಲವನ್ನೂ ಸ್ಥಳವನ್ನೂ ಗುರುತಿಸಿಕೊಟ್ಟ ನಿಘಂಟಿನ ಉಲ್ಲೇಖ.

ಅದು ಸಿದ್ಧವಾಗುವವರೆಗೆ ಸಂಗ್ರಾಹಕರು ಅನುಸರಿಸಬಹುದಾದ ದಾರಿಯು ಸುಲಭವಾದುದು. ಹಿರಿಯರು ಕಂಪೆನಿಯೆಂದ ಕೂಡಲೆ ಬರೆದುಕೊಳ್ಳದೆ, ‘ಅಲ್ಲಿ ಸಂಬಳವನ್ನು ಯಾರು ಕೊಡುತ್ತಿದ್ದರು, ಊಟ ಎಲ್ಲಿ ಆಗುತ್ತಿತ್ತು’ ಎಂಬ ಎರಡು ಪ್ರಶ್ನೆಗಳನ್ನು ಕೇಳಬೇಕು. ಮಾಲೀಕನೇ ಕೈಯಲ್ಲಿ ಕೊಟ್ಟು ಬಿಡಾರದಲ್ಲಿ ಉಂಡಿದ್ದರೆ ನಾಟಕದ ಕರಪತ್ರಗಳನ್ನು ಹುಡುಕಬೇಕು. ಖಜಾನೆಯ ಕಿಟಕಿಯಲ್ಲಿ ಪಡೆದು ಕ್ಯಾಂಟೀನಿನಲ್ಲಿ ಉಂಡಿದ್ದರೆ, ೧೯೫೨ರ ಕಾಯಿದೆಯ ನಂತರದ ಕಾಲವಾದಲ್ಲಿ, ಭವಿಷ್ಯನಿಧಿಯ ಚೀಟಿಯಲ್ಲಿ ಕಾರ್ಖಾನೆಯ ಪೂರ್ಣನಾಮವು ಸಿಕ್ಕುತ್ತದೆ. ‘ಎಂಡ್ ಕಂಪೆನಿ’ಯೆಂಬ ಅಂಗಡಿಯಾಗಿದ್ದರೆ ಕಂಪೆನಿಗಳ ನೋಂದಣಿಯಲ್ಲಿ ತಡಕಾಡಿ ಫಲವಿಲ್ಲ, ೧೯೩೨ರ ಪಾಲುದಾರಿಕೆ ಕಾಯಿದೆಯಂತೆ ಫರ್ಮುಗಳ ನೋಂದಣಿಯು ಬೇರೆಯೇ ಇದೆ. ಮುಚ್ಚಿಹೋದ ಕಾರ್ಖಾನೆಗಳ ಜಾಗದಲ್ಲಿ ವಸತಿಯ ಗೋಪುರಗಳು ಎದ್ದಿರುವ ಕಡೆಗಳಲ್ಲಿ ಬಸ್ ನಿಲ್ದಾಣದ ಹೆಸರಿನಲ್ಲಿ ಮಾತ್ರ ಕಂಪೆನಿ ಉಳಿದಿರುವುದುಂಟು. ಅದನ್ನೂ ಬರೆದಿಟ್ಟುಕೊಳ್ಳಬೇಕು.